ಹೆಡ್‌ಫೋನ್ ವೈರು ತುಂಡಾದರೆ: ರಿಪೇರಿಯಿಂದ ಕಳಚುವ ಕೇಬಲ್‌ವರೆಗೆ

ಒಂದು ಕಿವಿಯಲ್ಲಿ ಹಾಡು ನಿಂತುಹೋಗುತ್ತದೆ. ವೈರನ್ನು ಸ್ವಲ್ಪ ತಿರುಚಿ ಹಿಡಿದರೆ ಮತ್ತೆ ಬರುತ್ತದೆ. ಕೈ ಬಿಟ್ಟರೆ ಮತ್ತೆ ಹೋಗುತ್ತದೆ. ಈ ಹಂತಕ್ಕೆ ಬಂದ ಹೆಡ್‌ಫೋನನ್ನು ಜನ ಮೂಲೆಗೆ ಹಾಕಿ ಹೊಸದು ತರುತ್ತಾರೆ. ಒಳಗಿರುವ ಡ್ರೈವರ್‌ಗಳು ಮಾತ್ರ ಮೊದಲ ದಿನದಷ್ಟೇ ಚೆನ್ನಾಗಿರುತ್ತವೆ. ಡ್ರೈವರ್ ಎಂದರೆ ಶಬ್ದ ಹೊರಡಿಸುವ ಭಾಗ: ಒಂದು ಅಯಸ್ಕಾಂತ, ಒಂದು ತಾಮ್ರದ ಸುರುಳಿ, ಒಂದು ತೆಳು ಪೊರೆ. ಜಾಸ್ತಿ ಸವೆಯುವಂಥದ್ದು ಅದರಲ್ಲಿ ಏನೂ ಇಲ್ಲ. ವೈರಿನ ಕತೆ ಬೇರೆ. ದಿನಾ ಮಡಚುತ್ತೇವೆ, ಜೇಬಿಗೆ ತುರುಕುತ್ತೇವೆ, ಕುರ್ಚಿಯ ಚಕ್ರ ಹತ್ತಿಸುತ್ತೇವೆ, ಹೆಡ್‌ಫೋನ್ ಹಾಕಿರುವುದನ್ನೇ ಮರೆತು ಎದ್ದು ಹೋಗುತ್ತೇವೆ. ನೂಲಿನಂಥ ತಾಮ್ರದ ಎಳೆಗಳು ಎಷ್ಟು ದಿನ ತಡೆದಾವು?

ಇಲ್ಲಿ ಎರಡು ಕೆಲಸ ಹೇಳುತ್ತೇನೆ. ಮೊದಲನೆಯದು, ತುಂಡಾದ ಜಾಗ ಹುಡುಕಿ ಸರಿಮಾಡುವುದು. ಎರಡನೆಯದು, ವೈರನ್ನೇ ಕಳಚಿ ಹಾಕುವಂತೆ ಹೆಡ್‌ಫೋನನ್ನು ಮಾರ್ಪಡಿಸುವುದು. ನನ್ನನ್ನು ಕೇಳಿದರೆ ದೊಡ್ಡ ಹೆಡ್‌ಫೋನಿಗೆ ಎರಡನೆಯದನ್ನೇ ಮಾಡಿ. ನೀವು ಎಷ್ಟೇ ಚೆನ್ನಾಗಿ ಬೆಸೆದರೂ ವೈರು ಇನ್ನೊಂದು ದಿನ ಹೋಗೇ ಹೋಗುತ್ತದೆ. ಆ ದಿನ ಬೆಸೆಯುವ ಐರನ್ ಕಾಯಿಸದೆ ಬೇರೆ ವೈರು ಚುಚ್ಚಿಕೊಂಡರೆ ಆಯಿತು ಅಲ್ವಾ?

ಬಿಚ್ಚುವ ಮುಂಚೆ ನೋಡಬೇಕಾದದ್ದು

ವಾರಂಟಿ ಇನ್ನೂ ಇದ್ದರೆ ಬ್ಲೇಡು ಮುಟ್ಟಬೇಡಿ. ಅದು ಮುಗಿದಿದ್ದರೆ ಮುಂದೆ ಓದಿ.

ತಪ್ಪು ಹೆಡ್‌ಫೋನಿನದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಫೋನಿನ ಸಾಕೆಟ್ಟಿನಲ್ಲಿ ಜೇಬಿನ ನೂಲು, ಧೂಳು ಸೇರಿ ಗಟ್ಟಿಯಾಗಿದ್ದರೆ ಪ್ಲಗ್ ಪೂರ್ತಿ ಒಳಗೆ ಕೂರುವುದಿಲ್ಲ. ಆಗಲೂ ಒಂದು ಕಿವಿ ಸತ್ತ ಹಾಗೆಯೇ ಕೇಳುತ್ತದೆ. ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಎಡ-ಬಲದ ಬ್ಯಾಲೆನ್ಸ್ ಒಂದು ಪಕ್ಕಕ್ಕೆ ಸರಿದಿದೆಯಾ ಎಂದೂ ನೋಡಿ. ಆಮೇಲೆ ಇದೇ ಹೆಡ್‌ಫೋನನ್ನು ಬೇರೆ ಸಾಧನಕ್ಕೆ ಹಾಕಿ ಕೇಳಿ.

ಯುಎಸ್‌ಬಿ-ಸಿ ತುದಿಯ ಹೆಡ್‌ಫೋನಾದರೆ ಸ್ವಲ್ಪ ತಡೆಯಿರಿ. ಅಂಥ ಹೆಚ್ಚಿನವುಗಳಲ್ಲಿ ಡಿಜಿಟಲ್ ಸಂಕೇತವನ್ನು ಶಬ್ದದ ಸಂಕೇತವಾಗಿ ಬದಲಾಯಿಸುವ ಚಿಪ್ ಇರುತ್ತದೆ. ಚಿಪ್ ಪ್ಲಗ್ಗಿನೊಳಗೇ ಇದ್ದರೆ ಅದರಿಂದಾಚೆಗಿನದು ಮಾಮೂಲಿ ವೈರು. ಅದನ್ನು ಕತ್ತರಿಸಿ 3.5 ಮಿ.ಮೀ. ಪ್ಲಗ್ ಹಾಕಬಹುದು. ಚಿಪ್ ರಿಮೋಟಿನಲ್ಲೋ ಇಯರ್ ಕಪ್ಪಿನಲ್ಲೋ ಇದ್ದರೆ ವೈರಿನಲ್ಲಿ ಹರಿಯುವುದು ಡಿಜಿಟಲ್ ಡೇಟಾ. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಬ್ಯಾಟರಿ ಇರುವ ಹೆಡ್‌ಫೋನನ್ನು ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ತೆಗೆದಿಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಐರನ್ ಆಗಲಿ, ಬ್ಲೇಡಿನ ತುದಿಯಾಗಲಿ ತಾಗಲೇಬಾರದು. ಕಿವಿಯೊಳಗೆ ಕೂರುವ ಚಿಕ್ಕ ಇಯರ್‌ಫೋನ್‌ಗಳ ಚಿಪ್ಪನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ತೆರೆದರೆ ಒಡೆಯುವುದೇ ಹೆಚ್ಚು. ಅವುಗಳಲ್ಲಿ ಪ್ಲಗ್ ಕಡೆಯ ರಿಪೇರಿಗಷ್ಟೇ ಕೈಹಾಕಿ.

ಬೇಕಾಗುವ ಸಾಮಾನು

25ರಿಂದ 40 ವಾಟ್‌ನ ಸೋಲ್ಡರಿಂಗ್ ಐರನ್ ಸಾಕು. ಶಾಖ ಹೆಚ್ಚುಕಡಿಮೆ ಮಾಡುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಸೋಲ್ಡರ್ ವೈರು, ಎಂದರೆ ಕರಗಿಸಿ ಬೆಸೆಯುವ ಲೋಹದ ತಂತಿ, ತೆಳುವಾಗಿರಲಿ, ಒಳಗೆ ರೋಸಿನ್ ಫ್ಲಕ್ಸ್ (ಲೋಹವನ್ನು ಶುಚಿಮಾಡಿ ಬೆಸುಗೆ ಹಿಡಿಸುವ ವಸ್ತು) ಇರುವಂಥದ್ದಿರಲಿ. ತವರ-ಸೀಸ 63/37 ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ, ಆರಿದಾಗ ಒಮ್ಮೆಗೇ ಗಟ್ಟಿಯಾಗುತ್ತದೆ. ಹೊಸಬರಿಗೆ ಇದೇ ಸುಲಭ. ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 220 ಡಿಗ್ರಿ ಬೇಕು. ನಲ್ಲಿ ಪೈಪಿನ ಕೆಲಸಕ್ಕೆ ಬಳಸುವ ಆಸಿಡ್ ಫ್ಲಕ್ಸ್ ಮಾತ್ರ ಹತ್ತಿರವೂ ಬೇಡ. ಅದು ತಾಮ್ರವನ್ನು ಒಳಗೊಳಗೇ ತಿನ್ನುತ್ತದೆ.

ಇನ್ನುಳಿದದ್ದು: ವೈರಿನ ಸಂಪರ್ಕ, ರೋಧ ಅಳೆಯುವ ಮಲ್ಟಿಮೀಟರ್, ಚೂಪು ಬ್ಲೇಡು, ಚಿಕ್ಕ ಕಟರ್, ನಯವಾದ ಸ್ಯಾಂಡ್ ಪೇಪರ್, ಬೇರೆ ಬೇರೆ ಅಳತೆಯ ಹೀಟ್ ಶ್ರಿಂಕ್ ಕೊಳವೆ (ಬಿಸಿ ತಾಗಿಸಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಮುಚ್ಚುವಂಥದ್ದು), ಹೊಸ ಪ್ಲಗ್. ಪ್ಲಗ್ ಕೊಳ್ಳುವಾಗ ಹಿಂದಿನ ತೂತು ನಿಮ್ಮ ವೈರಿನ ದಪ್ಪಕ್ಕೆ ಹೊಂದುತ್ತದಾ ಎಂದು ನೋಡಿ. ಚಿನ್ನದ ಲೇಪದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಿಂದೆ ವೈರನ್ನು ಹಿಡಿದುಕೊಳ್ಳುವ ಲೋಹದ ಕಿವಿ ಗಟ್ಟಿಯಾಗಿದೆಯಾ, ಮೃದುವಾದ ಸ್ಪ್ರಿಂಗೋ ರಬ್ಬರೋ ಇದೆಯಾ ಎನ್ನುವುದು ಅದಕ್ಕಿಂತ ಮುಖ್ಯ.

ಕಿಟಕಿ ತೆರೆದು ಕೂತುಕೊಳ್ಳಿ. ಬೆಸೆಯುವಾಗ ಏಳುವ ಹೊಗೆ ಫ್ಲಕ್ಸಿನದು. ಅದು ಗಂಟಲಿಗೂ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಸೀಸದ ಸೋಲ್ಡರ್ ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ.

ಪ್ಲಗ್ಗಿನ ಉಂಗುರಗಳು ಏನು ಹೇಳುತ್ತವೆ

3.5 ಮಿ.ಮೀ. ಪ್ಲಗ್ಗಿನ ಮೇಲೆ ಕಪ್ಪು ಅಥವಾ ಬಿಳಿ ಗೆರೆಗಳಿರುತ್ತವೆ. ಎರಡು ಗೆರೆ ಇದ್ದರೆ ಮೂರು ಭಾಗ. ತುದಿ ಎಡ ಕಿವಿಗೆ, ನಡುವಿನ ಉಂಗುರ ಬಲ ಕಿವಿಗೆ, ಬುಡದ ಉದ್ದನೆಯ ಭಾಗ ಎರಡಕ್ಕೂ ಸೇರಿದ ಗ್ರೌಂಡ್, ಎಂದರೆ ವಿದ್ಯುತ್ ವಾಪಸಾಗುವ ದಾರಿ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ದಪ್ಪ ಪ್ಲಗ್ಗಿನ ಕಿರಿಯ ಸಂತಾನ ಇದು. ವಿನ್ಯಾಸ ಅಂದಿನಿಂದ ಹೆಚ್ಚು ಬದಲಾಗಿಲ್ಲ.

ಮೂರು ಗೆರೆ ಇದ್ದರೆ ಮೈಕ್ ಕೂಡ ಇದೆ ಎಂದರ್ಥ. ಈಗ ಚಾಲ್ತಿಯಲ್ಲಿರುವ ಸಿಟಿಐಎ ಜೋಡಣೆಯಲ್ಲಿ ಕ್ರಮ ಹೀಗೆ: ತುದಿ ಎಡ, ಮೊದಲ ಉಂಗುರ ಬಲ, ಎರಡನೆಯ ಉಂಗುರ ಗ್ರೌಂಡ್, ಬುಡ ಮೈಕ್. ಹಳೆಯ ಕೆಲವು ಫೋನುಗಳಲ್ಲಿದ್ದ ಓಎಂಟಿಪಿ ಜೋಡಣೆಯಲ್ಲಿ ಕೊನೆಯ ಎರಡು ಅದಲುಬದಲು.

ಮೈಕ್ ನಿಮಗೆ ಬೇಡವೆಂದರೆ ನಾಲ್ಕು ಭಾಗದ ಪ್ಲಗ್ಗಿನ ಬದಲು ಮೂರು ಭಾಗದ್ದನ್ನೇ ಹಾಕಿ. ಬೆಸೆಯುವುದು ಎಷ್ಟೋ ಸುಲಭ. ಅದರ ಉದ್ದನೆಯ ಬುಡ ಫೋನಿನ ಮೈಕ್ ಮತ್ತು ಗ್ರೌಂಡ್ ಎರಡನ್ನೂ ಒಟ್ಟಿಗೆ ಮುಟ್ಟುತ್ತದೆ. ಹೆಡ್‌ಫೋನಿನಲ್ಲಿ ಮೈಕ್ ಇಲ್ಲ ಎಂದು ಫೋನು ತಾನೇ ಅರ್ಥ ಮಾಡಿಕೊಂಡು ತನ್ನ ಮೈಕನ್ನು ಬಳಸುತ್ತದೆ.

ತುಂಡಾಗಿರುವುದು ಎಲ್ಲಿ?

ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದದ್ದು ಇಲ್ಲೇ. ಉಳಿದದ್ದು ಕೈಚಳಕ.

ಕಿವಿಯಿಂದಲೇ ಶುರುಮಾಡಿ. ಒಂದು ಬದಿ ಪೂರ್ತಿ ಸತ್ತಿದ್ದರೆ ಆ ಬದಿಯ ವೈರು ಹೋಗಿದೆ, ಇಲ್ಲವೇ ಆ ಡ್ರೈವರಿಗೆ ಹೋಗುವ ಗ್ರೌಂಡ್ ಹೋಗಿದೆ. ಎರಡೂ ಬದಿ ಕೇಳುತ್ತಿದೆ, ಆದರೆ ಹಾಡುವವರ ದನಿ ಮಾಯವಾಗಿ ವಾದ್ಯಗಳು ದೂರದಿಂದ ಕೇಳಿದಂತೆ ಟೊಳ್ಳಾಗಿದ್ದರೆ ಎರಡೂ ಬದಿಗೆ ಸೇರಿದ ಗ್ರೌಂಡ್ ಹೋಗಿದೆ. ಗ್ರೌಂಡ್ ಇಲ್ಲದಾಗ ಎರಡು ಡ್ರೈವರ್‌ಗಳು ಒಂದರ ಹಿಂದೊಂದು ಸೇರಿಕೊಳ್ಳುತ್ತವೆ. ಆಗ ಎಡ ಮತ್ತು ಬಲದ ನಡುವಿನ ವ್ಯತ್ಯಾಸ ಮಾತ್ರ ಕೇಳುತ್ತದೆ. ಹಾಡುವವರ ದನಿ ಸಾಮಾನ್ಯವಾಗಿ ಎರಡರಲ್ಲೂ ಸಮನಾಗಿರುವುದರಿಂದ ಅದು ಕಳೆದುಹೋಗುತ್ತದೆ.

ಈಗ ಮಲ್ಟಿಮೀಟರನ್ನು 200 ಓಮ್ ಸ್ಥಾನಕ್ಕೆ ತಿರುಗಿಸಿ. ಹೆಡ್‌ಫೋನಿನ ಇಂಪಿಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡುವ ರೋಧ) 250 ಅಥವಾ 300 ಓಮ್ ಎಂದು ಬರೆದಿದ್ದರೆ 2000 ಓಮ್‌ಗೆ ಇಡಿ. ಪ್ಲಗ್ಗಿನ ತುದಿ ಮತ್ತು ಬುಡಕ್ಕೆ ಮೀಟರಿನ ಕಡ್ಡಿ ತಾಗಿಸಿ. ಮೂರು ಗೆರೆಯ ಪ್ಲಗ್ಗಾದರೆ ಇಲ್ಲಿ ಬುಡ ಎಂದಲ್ಲಿ ಗ್ರೌಂಡ್ ಭಾಗ, ಉಂಗುರ ಎಂದಲ್ಲಿ ಮೊದಲ ಉಂಗುರ ಎಂದುಕೊಳ್ಳಿ. 32 ಓಮ್‌ನ ಹೆಡ್‌ಫೋನಾದರೆ 32ರ ಆಸುಪಾಸು ತೋರಿಸಬೇಕು. ತಾಗಿಸಿದಾಗ ಆ ಕಿವಿಯಲ್ಲಿ ಸಣ್ಣದೊಂದು ಟಿಕ್ ಶಬ್ದವೂ ಬರುತ್ತದೆ. ಉಂಗುರ ಮತ್ತು ಬುಡದ ನಡುವೆಯೂ ಅಷ್ಟೇ ಬರಬೇಕು. ತುದಿ ಮತ್ತು ಉಂಗುರದ ನಡುವೆ ಅದರ ಎರಡರಷ್ಟು, ಎಂದರೆ 64ರ ಹತ್ತಿರ.

ಈ ಮೂರು ಅಳತೆಗಳಿಂದ ಬಹಳಷ್ಟು ತಿಳಿಯುತ್ತದೆ. ತುದಿ-ಬುಡ ಏನೂ ತೋರಿಸದೆ, ಉಂಗುರ-ಬುಡ 32 ತೋರಿಸಿದರೆ ತಪ್ಪು ಎಡ ಬದಿಯಲ್ಲಿದೆ. ತುದಿ-ಬುಡವೂ ಇಲ್ಲ, ಉಂಗುರ-ಬುಡವೂ ಇಲ್ಲ, ಆದರೆ ತುದಿ-ಉಂಗುರ 64 ಎಂದರೆ ಗ್ರೌಂಡ್ ತುಂಡಾಗಿದೆ. ಎಲ್ಲೋ ಒಂದು ಕಡೆ ಸೊನ್ನೆಯ ಹತ್ತಿರ ಬಂದರೆ ತುಂಡಾಗಿಲ್ಲ, ಎರಡು ವೈರು ಒಂದಕ್ಕೊಂದು ತಾಗಿ ಶಾರ್ಟ್ ಆಗಿದೆ.

ಯಾವ ವೈರು ಎಂದು ಗೊತ್ತಾಯಿತು. ಯಾವ ಜಾಗ? ಮೀಟರನ್ನು ಹಾಗೇ ತಾಗಿಸಿಟ್ಟು, ಪ್ಲಗ್ಗಿನಿಂದ ಶುರುಮಾಡಿ ಬೆರಳಗಲದಷ್ಟು ವೈರನ್ನು ಮಡಚುತ್ತಾ ಮುಂದೆ ಸಾಗಿ. ಅಂಕಿ ಎಲ್ಲಿ ಕುಣಿಯುತ್ತದೋ ಅಲ್ಲೇ ಗಾಯ. ಸಂದೇಹ ಪಡಬೇಕಾದ ಜಾಗಗಳು ನಾಲ್ಕು: ಪ್ಲಗ್ಗಿನ ಕುತ್ತಿಗೆ, ರಿಮೋಟಿನ ಎರಡು ಬದಿ, ವೈರು ಇಯರ್ ಕಪ್ಪಿನೊಳಗೆ ಹೋಗುವ ಬಾಯಿ, ಮತ್ತು ಮಡಚುವ ಹೆಡ್‌ಫೋನಾದರೆ ಹೆಡ್‌ಬ್ಯಾಂಡಿನ ಕೀಲು. ಒಂದೇ ಬದಿಯಿಂದ ವೈರು ಒಳಗೆ ಹೋಗುವ ಹೆಡ್‌ಫೋನಿನಲ್ಲಿ ಇನ್ನೊಂದು ಕಿವಿಗೆ ಸಂಕೇತ ತಲೆಯ ಮೇಲಿನ ಪಟ್ಟಿಯೊಳಗಿಂದಲೇ ದಾಟುತ್ತದೆ. ಹೊರಗಿನ ವೈರು ಸರಿಯಿದ್ದೂ ವೈರಿಲ್ಲದ ಕಡೆಯ ಕಿವಿ ಮಾತ್ರ ಸತ್ತಿದ್ದರೆ ಮೊದಲು ಆ ಕೀಲಿನ ಮೇಲೆ ಕಣ್ಣಿಡಿ.

ಮಡಚಿದರೂ ಏನೂ ಕುಣಿಯದಿದ್ದರೆ ಇಯರ್ ಕಪ್ ಬಿಚ್ಚಿ ನೇರವಾಗಿ ಡ್ರೈವರಿನ ಎರಡು ಬಿಂದುಗಳಿಗೆ ಮೀಟರ್ ತಾಗಿಸಿ. ಅಲ್ಲಿ 32 ಬಂದರೆ ಡ್ರೈವರ್ ಬದುಕಿದೆ. ಅಲ್ಲೂ ಏನೂ ಬರದಿದ್ದರೆ ಸುರುಳಿಯೇ ತುಂಡಾಗಿದೆ. ಆಗ ವೈರು ಬದಲಾಯಿಸಿ ಪ್ರಯೋಜನವಿಲ್ಲ, ಡ್ರೈವರ್ ಬದಲಾಯಿಸಬೇಕು.

ಬಣ್ಣ ಬಳಿದ ತಾಮ್ರ

ಮೊದಲ ಸಲ ಹೆಡ್‌ಫೋನ್ ವೈರು ಕತ್ತರಿಸಿದವರು ಸೋಲುವುದು ಇಲ್ಲೇ. ಒಳಗೆ ಪ್ಲಾಸ್ಟಿಕ್ ಹೊದಿಕೆಯ ಚಿಕ್ಕ ವೈರುಗಳು ಸಿಗುತ್ತವೆ ಎಂದುಕೊಂಡಿರುತ್ತೀರಿ. ಸಿಗುವುದು ಕೆಂಪು, ಹಸಿರು, ತಾಮ್ರದ ಬಣ್ಣದ ಕೂದಲಿನಂಥ ಎಳೆಗಳು. ಆ ಬಣ್ಣವೇ ಹೊದಿಕೆ. ಪ್ರತಿ ಎಳೆಯ ಮೇಲೂ ಎನಾಮಲ್ ಎಂಬ ತೆಳು ಪದರ ಇರುತ್ತದೆ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗೇ ಬೆಸೆದರೆ ಸೋಲ್ಡರ್ ಉಂಡೆಯಾಗಿ ಉರುಳಿಹೋಗುತ್ತದೆ. ಹಿಡಿದಂತೆ ಕಂಡರೂ ಸಂಪರ್ಕ ಇರುವುದಿಲ್ಲ.

ಎಳೆಗಳ ನಡುವೆ ಬಿಳಿ ನಾರು ಕೂಡ ಇರುತ್ತದೆ. ಜಗ್ಗಿದಾಗ ತಾಮ್ರಕ್ಕೆ ಬೀಳುವ ಭಾರವನ್ನು ಅದು ಹೊರುತ್ತದೆ. ಬೆಸೆಯುವ ತುದಿಯಲ್ಲಿ ಮಾತ್ರ ಅದನ್ನು ಬಿಡಿಸಿ ಕತ್ತರಿಸಿ. ಇಲ್ಲದಿದ್ದರೆ ಸುಟ್ಟು ಕರಿಯಾಗಿ ಬೆಸುಗೆ ಕೆಡಿಸುತ್ತದೆ.

ಎನಾಮಲ್ ತೆಗೆಯಲು ನನಗೆ ಇಷ್ಟದ ದಾರಿ ಸೋಲ್ಡರಿನದೇ. ಐರನ್ ಅನ್ನು 380ರಿಂದ 400 ಡಿಗ್ರಿಗೆ ಏರಿಸಿ. ತುದಿಯ ಮೇಲೆ ದಪ್ಪನೆಯ ಸೋಲ್ಡರ್ ಹನಿ ಮಾಡಿ, ಎಳೆಗಳ ಕೊನೆಯ 3-4 ಮಿ.ಮೀ. ಭಾಗವನ್ನು ಅದರೊಳಗೆ ಮುಳುಗಿಸಿ ಹಿಡಿಯಿರಿ. ಕೆಲವು ಸೆಕೆಂಡಿನಲ್ಲಿ ಸಣ್ಣಗೆ ಹೊಗೆಯೆದ್ದು ಬಣ್ಣ ಸುಟ್ಟುಹೋಗುತ್ತದೆ, ತಾಮ್ರ ಬೆಳ್ಳಿಯಂತೆ ಹೊಳೆಯುತ್ತದೆ. ಫ್ಲಕ್ಸ್ ಬೇಗ ಆರುವುದರಿಂದ ನಡುವೆ ಹೊಸ ಸೋಲ್ಡರ್ ಸೇರಿಸುತ್ತಿರಿ. ಐರನ್ ಅಷ್ಟು ಕಾಯದಿದ್ದರೆ ಲೈಟರಿನ ಉರಿಯಲ್ಲಿ ತುದಿಯನ್ನು ಕ್ಷಣಮಾತ್ರ ಆಡಿಸಿ, ಕರಿಯನ್ನು ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜಿ. ಹೆಚ್ಚು ಹೊತ್ತು ಹಿಡಿದರೆ ತಾಮ್ರವೇ ಪುಡಿಪುಡಿಯಾಗುತ್ತದೆ.

ಬಣ್ಣಗಳ ಅರ್ಥ ಬಹುತೇಕ ಹೀಗೆ: ಕೆಂಪು ಬಲ, ಹಸಿರು ಅಥವಾ ನೀಲಿ ಎಡ, ತಾಮ್ರದ ಬಣ್ಣ ಗ್ರೌಂಡ್. ಇದನ್ನು ಪೂರ್ತಿ ನಂಬಬೇಡಿ. ಎನಾಮಲ್ ತೆಗೆದ ಮೇಲೆ ಎರಡೆರಡು ವೈರುಗಳ ನಡುವೆ ಅಳೆದು, ಟಿಕ್ ಶಬ್ದ ಯಾವ ಕಿವಿಯಲ್ಲಿ ಬಂತು ಎಂದು ಕೇಳಿ ಗುರುತು ಹಾಕಿಕೊಳ್ಳಿ. ಎರಡು ಗ್ರೌಂಡ್ ವೈರುಗಳಿದ್ದರೆ ಎರಡನ್ನೂ ಹೊಸೆದು ಬುಡಕ್ಕೆ ಸೇರಿಸಬೇಕು.

ಹೊಸ ಪ್ಲಗ್ ಹಾಕುವುದು

1. ಹಳೆಯ ಪ್ಲಗ್ಗಿನಿಂದ 4-5 ಸೆಂ.ಮೀ. ಬಿಟ್ಟು ವೈರನ್ನು ಕತ್ತರಿಸಿ. ಜಿಪುಣತನ ಬೇಡ. ಪ್ಲಗ್ಗಿನ ಕುತ್ತಿಗೆಯಲ್ಲಿ ಎಳೆಗಳು ಹೊರಗೆ ಕಾಣದಿದ್ದರೂ ಅರ್ಧ ಮುರಿದಿರುತ್ತವೆ.

2. ಬೆಸೆಯುವ ಮುಂಚೆ ಹೊಸ ಪ್ಲಗ್ಗಿನ ಮುಚ್ಚಳವನ್ನೂ ಹೀಟ್ ಶ್ರಿಂಕ್ ತುಂಡನ್ನೂ ವೈರಿಗೆ ಪೋಣಿಸಿ. ಮುಚ್ಚಳದ ದಿಕ್ಕು ಸರಿಯಿದೆಯಾ ನೋಡಿ. ಎಲ್ಲ ಬೆಸೆದು ಮುಗಿಸಿ ಮೇಜಿನ ಮೇಲೆ ಮುಚ್ಚಳ ಕಂಡಾಗ ಬರುವ ಸಿಟ್ಟು ಈ ಕೆಲಸ ಮಾಡಿದವರಿಗೆಲ್ಲ ಗೊತ್ತು.

3. ಹೊರಹೊದಿಕೆಯನ್ನು ಸುಮಾರು 15 ಮಿ.ಮೀ. ಸುಲಿಯಿರಿ. ಬ್ಲೇಡನ್ನು ಒತ್ತಬೇಡಿ. ವೈರನ್ನು ಸ್ವಲ್ಪ ಬಗ್ಗಿಸಿ, ಬಗ್ಗಿದ ಹೊರಮೈಗೆ ಬ್ಲೇಡು ತಾಗಿಸಿದರೆ ಹೊದಿಕೆ ತಾನೇ ಬಿರಿಯುತ್ತದೆ, ಒಳಗಿನ ಎಳೆಗೆ ಏಟು ಬೀಳುವುದಿಲ್ಲ.

4. ಎಳೆಗಳಿಗೆ ಮೇಲೆ ಹೇಳಿದಂತೆ ಸೋಲ್ಡರ್ ಹಿಡಿಸಿ. ಪ್ಲಗ್ಗಿನ ಮೂರು ಬಿಂದುಗಳಿಗೂ ಮೊದಲೇ ಸ್ವಲ್ಪ ಸೋಲ್ಡರ್ ಹಚ್ಚಿಡಿ.

5. ಪ್ಲಗ್ಗನ್ನು ಯಾವುದಾದರೂ ಹಳೆಯ, ಬೇಡದ ಸಾಕೆಟ್ಟಿಗೆ ಚುಚ್ಚಿ ಕೂರಿಸಿ. ಅಲ್ಲಾಡದೆ ನಿಲ್ಲುತ್ತದೆ. ಬಿಸಿಗೆ ಒಳಗಿನ ಪ್ಲಾಸ್ಟಿಕ್ ಉಂಗುರ ಮೆತ್ತಗಾದರೂ ಸಾಕೆಟ್ ಅದನ್ನು ನೇರವಾಗಿ ಹಿಡಿದಿರುತ್ತದೆ, ಶಾಖವನ್ನೂ ಎಳೆದುಕೊಳ್ಳುತ್ತದೆ. ಫೋನಿನ ಸಾಕೆಟ್ಟಿಗೆ ಮಾತ್ರ ಈ ಪ್ರಯೋಗ ಬೇಡ.

6. ಮೊದಲು ಗ್ರೌಂಡ್ ಬೆಸೆಯಿರಿ. ಅದು ದೊಡ್ಡ ಲೋಹ, ಕಾಯಲು ಹೊತ್ತು ಹಿಡಿಯುತ್ತದೆ. ಆಮೇಲೆ ಉಂಗುರ ಮತ್ತು ತುದಿಯ ಬಿಂದುಗಳು. ಅಲ್ಲಿ ಐರನ್ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಆರುವವರೆಗೆ ವೈರನ್ನು ಅಲ್ಲಾಡಿಸಬೇಡಿ. ಮಂಕಾಗಿ, ಬಿರುಕುಬಿಟ್ಟಂತೆ ಕಂಡರೆ ಫ್ಲಕ್ಸ್ ಹಚ್ಚಿ ಮತ್ತೆ ಕರಗಿಸಿ.

7. ಮುಚ್ಚುವ ಮುಂಚೆ ಮೀಟರ್. ಮತ್ತದೇ 32, 32, 64. ಬಂತಾ? ಈಗ ಲೋಹದ ಕಿವಿಯನ್ನು ಹೊರಹೊದಿಕೆಯ ಮೇಲೆ ಇಕ್ಕಳದಿಂದ ಮಡಚಿ ಹಿಡಿಸಿ. ಒಳಗಿನ ಎಳೆಗಳ ಮೇಲೆ ಬೇಡವೇ ಬೇಡ. ಹೊದಿಕೆ ತೆಳುವಾಗಿದ್ದರೆ ಎರಡು ಪದರ ಹೀಟ್ ಶ್ರಿಂಕ್ ಹಾಕಿ ದಪ್ಪ ಮಾಡಿಕೊಳ್ಳಿ. ಮುಚ್ಚಳ ತಿರುಗಿಸಿ.

ಜಗ್ಗಿದ ಭಾರ ಎಂದೂ ಬೆಸುಗೆಯ ಮೇಲೆ ಬೀಳಬಾರದು, ಹೊದಿಕೆಯ ಮೇಲೆ ಬೀಳಬೇಕು. ಕೆಲಸ ಮುಗಿದ ಮೇಲೂ ಈ ಒಂದು ವಿಷಯ ನೋಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ವೈರು ನಡುವಿನಲ್ಲೇ ತುಂಡಾಗಿದ್ದರೆ

ಕುರ್ಚಿ ಹತ್ತಿಯೋ ನಾಯಿಯ ಹಲ್ಲಿಗೆ ಸಿಕ್ಕಿಯೋ ನಡುವೆ ಕತ್ತರಿಸಿದ್ದರೆ ಜೋಡಿಸಬಹುದು. ಆದರೆ ಆ ಜಾಗ ಯಾವಾಗಲೂ ದಪ್ಪಗೆ, ಬಿರುಸಾಗಿ ಉಳಿಯುತ್ತದೆ. ಬೆಸುಗೆಗಳನ್ನು ಒಂದೇ ಕಡೆ ಮಾಡದೆ ಹಿಂದೆಮುಂದೆ ಇರುವಂತೆ ವೈರುಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ. ಒಂದು ಬೆಸುಗೆ ಇನ್ನೊಂದರ ಎದುರಿಗೆ ಬರುವುದಿಲ್ಲ, ಶಾರ್ಟ್ ಆಗುವ ಭಯ ಇರುವುದಿಲ್ಲ, ಗಂಟೂ ಚಿಕ್ಕದಾಗುತ್ತದೆ. ಒಂದೊಂದಕ್ಕೂ ಬೇರೆ ಹೀಟ್ ಶ್ರಿಂಕ್, ಮೇಲೆ ಎಲ್ಲಕ್ಕೂ ಸೇರಿ ಒಂದು. ಗಾಯ ಪ್ಲಗ್ಗಿಗೆ ಹತ್ತಿರವಿದ್ದರೆ ಜೋಡಿಸುವ ಗೋಜಿಗೆ ಹೋಗಬೇಡಿ. ವೈರನ್ನು ಅಷ್ಟು ಗಿಡ್ಡ ಮಾಡಿ ಹೊಸ ಪ್ಲಗ್ ಹಾಕುವುದೇ ಲೇಸು.

ರಿಮೋಟ್ ಗುಂಡಿಗಳ ಬಗ್ಗೆ ಒಂದು ಮಾತು. ಆಂಡ್ರಾಯ್ಡ್ ಹೆಡ್‌ಸೆಟ್‌ಗಳಲ್ಲಿ ಗುಂಡಿ ಒತ್ತಿದಾಗ ಮೈಕ್ ವೈರು ಮತ್ತು ಗ್ರೌಂಡ್ ನಡುವೆ ಒಂದು ರೆಸಿಸ್ಟರ್ ಸೇರಿಕೊಳ್ಳುತ್ತದೆ. ನಡುವಿನ ಗುಂಡಿಗೆ 0 ಓಮ್, ಶಬ್ದ ಏರಿಸಲು 240, ಇಳಿಸಲು 470. ಆಪಲ್‌ನ ರಿಮೋಟ್ ಕೆಲಸ ಮಾಡುವ ಬಗೆ ಬೇರೆ. ಹಾಗಾಗಿ ಒಂದರ ರಿಮೋಟ್ ತೆಗೆದು ಇನ್ನೊಂದಕ್ಕೆ ಹಾಕಿದರೆ ಶಬ್ದದ ಗುಂಡಿಗಳು ಕೆಲಸ ಮಾಡದೇ ಇರಬಹುದು.

ಇಯರ್ ಕಪ್ ಬಿಚ್ಚುವುದು

ಕಿವಿಯ ಮೆತ್ತೆಯ ಅಂಚು ಸಾಮಾನ್ಯವಾಗಿ ಒಂದು ಸಂದಿಯೊಳಗೆ ಸಿಕ್ಕಿಕೊಂಡಿರುತ್ತದೆ. ಬೆರಳಿನಿಂದ ಸುತ್ತಲೂ ಬಿಡಿಸಿದರೆ ಬರುತ್ತದೆ. ಕೆಲವನ್ನು ತಿರುಗಿಸಿ ತೆಗೆಯಬೇಕು. ಸ್ಕ್ರೂಗಳು ಅದರಡಿ ಇರುತ್ತವೆ, ಕೆಲವೊಮ್ಮೆ ಸ್ಪಂಜಿನ ಕೆಳಗೆ ಅಡಗಿರುತ್ತವೆ. ಎಲ್ಲ ಸ್ಕ್ರೂ ತೆಗೆದರೂ ಬಿಡದಿದ್ದರೆ ಇನ್ನೊಂದು ಉಳಿದಿದೆ ಎಂದೇ ಅರ್ಥ. ಬಲ ಹಾಕಬೇಡಿ.

ತೆರೆದ ಕೂಡಲೇ ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಬಣ್ಣದ ವೈರು ಯಾವ ಬಿಂದುವಿಗೆ, ಪ್ಲಸ್ ಗುರುತು ಎಲ್ಲಿದೆ, ಹತ್ತಿಯೋ ಸ್ಪಂಜೋ ಹೇಗೆ ತುಂಬಿದೆ ಎಲ್ಲವೂ ಅದರಲ್ಲಿ ಕಾಣಲಿ. ಆ ಹತ್ತಿ ಸುಮ್ನೆ ತುಂಬಿದ್ದಲ್ಲ. ಅದು ದನಿಯನ್ನು ಹದ ಮಾಡುತ್ತದೆ, ಇದ್ದ ಹಾಗೇ ವಾಪಸ್ ಹೋಗಬೇಕು.

ಡ್ರೈವರಿನ ಹತ್ತಿರ ಐರನ್ ತರುವಾಗ ಎಚ್ಚರ. ಐರನ್ನಿನ ತುದಿಯಲ್ಲಿ ಕಬ್ಬಿಣದ ಲೇಪ ಇರುತ್ತದೆ. ಒಳಗಿನ ಅಯಸ್ಕಾಂತ ಅದನ್ನು ಗಬಕ್ಕನೆ ಎಳೆಯುತ್ತದೆ. ಕೈ ಸಡಿಲವಾಗಿದ್ದರೆ ಬಿಸಿ ತುದಿ ನೇರ ಪೊರೆಯೊಳಗೆ. ಪೊರೆಯ ಕಡೆಯನ್ನು ಕೆಳಗೆ ಮಾಡಿ, ಮೃದು ಬಟ್ಟೆಯ ಮೇಲೆ ಇಟ್ಟು, ಕೈಯನ್ನು ಮೇಜಿಗೆ ಊರಿ ಕೆಲಸ ಮಾಡಿ. ಡ್ರೈವರಿನ ಬಿಂದುವಿನಿಂದ ಸುರುಳಿಗೆ ಹೋಗುವ ಎಳೆ ಕಣ್ಣಿಗೆ ಕಾಣದಷ್ಟು ತೆಳು. ಬಿಂದುವನ್ನು ಹೆಚ್ಚು ಕಾಯಿಸಿದರೆ ಅದು ಕಿತ್ತುಬರುತ್ತದೆ, ಆಮೇಲೆ ಏನೂ ಮಾಡಲಾಗದು. ಸಾಧ್ಯವಿದ್ದರೆ ಹಳೆಯ ವೈರನ್ನು ಬಿಂದುವಿನಿಂದ ತೆಗೆಯಲೇಬೇಡಿ. ಒಂದೆರಡು ಸೆಂ.ಮೀ. ಉಳಿಸಿ ಕತ್ತರಿಸಿ, ಆ ತುಂಡಿಗೆ ಹೊಸದನ್ನು ಬೆಸೆಯಿರಿ.

ಹೊಸ ವೈರನ್ನು ಶಾಶ್ವತವಾಗಿ ಹಾಕುವುದಾದರೆ, ಒಳಗೆ ಬಂದ ಕೂಡಲೇ ಒಂದು ಗಂಟು ಹಾಕಿ ಅಥವಾ ಚಿಕ್ಕ ಕೇಬಲ್ ಟೈ ಬಿಗಿದು ಬಾಲ ಕತ್ತರಿಸಿ. ಹೊರಗಿಂದ ಜಗ್ಗಿದರೆ ಗಂಟು ತೂತಿಗೆ ಒರಗಿ ನಿಲ್ಲುತ್ತದೆ.

ಸಾಕೆಟ್ ಕೂರಿಸುವುದು

ನಾನು ಮೊದಲೇ ಹೇಳಿದ ಕೆಲಸ ಇದು. ವೈರು ಒಳಹೋಗುವ ತೂತಿನಲ್ಲೇ ಒಂದು 3.5 ಮಿ.ಮೀ. ಸಾಕೆಟ್ ಕೂರಿಸಿದರೆ, ಎರಡು ಬದಿಯೂ ಪ್ಲಗ್ ಇರುವ ಮಾಮೂಲಿ ವೈರು ಯಾವುದಾದರೂ ನಡೆಯುತ್ತದೆ. ಎಳೆದರೆ ವೈರು ಕಳಚಿ ಬೀಳುತ್ತದೆಯೇ ಹೊರತು ತುಂಡಾಗುವುದಿಲ್ಲ.

ಮೊದಲು ಜಾಗ ಅಳೆಯಿರಿ. ಸಾಕೆಟ್ಟಿನ ಉದ್ದ, ಹಿಂದಿನ ಕಾಲುಗಳು, ಬೆಸುಗೆ ಎಲ್ಲ ಸೇರಿ ಡ್ರೈವರಿಗೆ ತಾಗಬಾರದು. ಇಯರ್ ಕಪ್ಪಿನ ಗೋಡೆಯ ದಪ್ಪ ನೋಡಿ. ಗೋಡೆ ದಪ್ಪವಾಗಿದ್ದರೆ ಸಾಕೆಟ್ಟಿನ ಥ್ರೆಡ್ ಹೊರಗೆ ಬಾರದೆ ನಟ್ ಹಿಡಿಯುವುದಿಲ್ಲ. ಆಗ ಒಳಗಿಂದ ಗೋಡೆಯನ್ನು ಸ್ವಲ್ಪ ಕೆರೆಯಬೇಕು, ಇಲ್ಲವೇ ಎಪಾಕ್ಸಿ ಅಂಟು ಬಳಸಬೇಕು. ಜಾಗ ತೀರಾ ಕಡಿಮೆಯಿದ್ದರೆ 2.5 ಮಿ.ಮೀ. ಸಾಕೆಟ್ ಇದೆ, ಆದರೆ ಅದರ ಪ್ಲಗ್ ಸೂಕ್ಷ್ಮ, ಬೇಗ ಬಗ್ಗುತ್ತದೆ. ನಾನಾದರೆ 3.5 ಹಿಡಿಸಲು ಏನಾದರೂ ಮಾಡುತ್ತೇನೆ.

ತೂತು ಕೊರೆಯುವ ಮುಂಚೆ ಡ್ರೈವರ್ ಹೊರತೆಗೆಯಿರಿ. ತೆಗೆಯಲಾಗದಿದ್ದರೆ ಟೇಪಿನಿಂದ ಪೂರ್ತಿ ಮುಚ್ಚಿ. ಒಂದು ಕಬ್ಬಿಣದ ಚೂರು ಒಳಗೆ ಸೇರಿದರೂ ಅಯಸ್ಕಾಂತ ಅದನ್ನು ಪೊರೆಯ ಹತ್ತಿರ ಹಿಡಿದಿಟ್ಟುಕೊಂಡು ಪ್ರತಿ ಸ್ವರಕ್ಕೂ ಗರಗರ ಅನ್ನಿಸುತ್ತದೆ. ಚಿಕ್ಕ ಬಿಟ್‌ನಿಂದ ಶುರುಮಾಡಿ ನಿಧಾನವಾಗಿ ದೊಡ್ಡದಕ್ಕೆ ಹೋಗಿ. ಥ್ರೆಡ್ ಇರುವ ಚಿಕ್ಕ ಸಾಕೆಟ್‌ಗಳಿಗೆ ಸುಮಾರು 6 ಮಿ.ಮೀ. ತೂತು ಬೇಕಾಗುತ್ತದೆ, ಆದರೂ ನಿಮ್ಮ ಕೈಲಿರುವುದನ್ನು ಅಳೆದೇ ಕೊರೆಯಿರಿ. ಬಿಸಿ ಐರನ್‌ನಿಂದ ಪ್ಲಾಸ್ಟಿಕ್ ಕರಗಿಸಿ ತೂತು ಮಾಡುವವರಿದ್ದಾರೆ. ಹೊಗೆ ಕೆಟ್ಟದ್ದು, ತೂತು ವಕ್ರ. ಬೇಡ.

ಕೆಲವು ಸಾಕೆಟ್‌ಗಳಿಗೆ ಐದು ಕಾಲುಗಳಿರುತ್ತವೆ. ಅದರಲ್ಲಿ ಎರಡು, ಪ್ಲಗ್ ಒಳಗಿಲ್ಲದಾಗ ಮಾತ್ರ ಮುಟ್ಟುವ ಸ್ವಿಚ್‌ಗಳು. ಅವಕ್ಕೆ ಬೆಸೆದರೆ ಪ್ಲಗ್ ಚುಚ್ಚಿದ ಕೂಡಲೇ ಶಬ್ದ ಹೋಗುತ್ತದೆ. ಆದ್ದರಿಂದ ಸಾಕೆಟ್ಟಿಗೆ ಒಂದು ವೈರಿನ ಪ್ಲಗ್ ಚುಚ್ಚಿ, ಆ ವೈರಿನ ಇನ್ನೊಂದು ತುದಿಯ ಪ್ಲಗ್ಗಿನ ಪ್ರತಿ ಭಾಗಕ್ಕೆ ಮೀಟರಿನ ಒಂದು ಕಡ್ಡಿ, ಸಾಕೆಟ್ಟಿನ ಕಾಲಿಗೆ ಇನ್ನೊಂದು ಕಡ್ಡಿ ಇಟ್ಟು, ಮೀಟರನ್ನು ಸಂಪರ್ಕ ಸಿಕ್ಕರೆ ಬೀಪ್ ಅನ್ನುವ ಸ್ಥಾನದಲ್ಲಿರಿಸಿ, ಬೀಪ್ ಕೇಳಿ ಕಾಲುಗಳನ್ನು ಗುರುತಿಸಿ.

ಬೆಸೆದ ಮೇಲೆ ಸಾಕೆಟ್ಟಿನ ಸುತ್ತ ಸಂದಿ ಉಳಿಯದಂತೆ ನೋಡಿ. ಮುಚ್ಚಿದ ಕಪ್ಪಿನ ಹೆಡ್‌ಫೋನಿನಲ್ಲಿ ಗಾಳಿ ಸೋರಿದರೆ ಬಾಸ್ ಬದಲಾಗುತ್ತದೆ. ಹಾಗೆಂದು ಹಾಟ್ ಗ್ಲೂ ಸಿಕ್ಕಸಿಕ್ಕಲ್ಲಿ ಸುರಿಯಬೇಡಿ. ಕಪ್ಪಿನಲ್ಲಿ, ಡ್ರೈವರಿನ ಬೆನ್ನಲ್ಲಿ ಬೇಕೆಂದೇ ಬಿಟ್ಟ ಚಿಕ್ಕ ತೂತುಗಳಿರುತ್ತವೆ. ಅವು ಮುಚ್ಚಿದರೂ ದನಿ ಕೆಡುತ್ತದೆ.

ಇನ್ನೂ ಮುಂದೆ ಹೋಗುವವರಿಗೆ

ಎಡ-ಬಲಕ್ಕೆ ಒಂದೇ ಗ್ರೌಂಡ್ ವೈರು ಹಂಚಿಕೊಂಡಾಗ ಆ ವೈರಿನ ರೋಧ ಮುಖ್ಯವಾಗುತ್ತದೆ. 16 ಓಮ್ ಹೆಡ್‌ಫೋನಿನಲ್ಲಿ ಹಂಚಿಕೊಂಡ ಗ್ರೌಂಡಿಗೆ 1 ಓಮ್ ರೋಧ ಇದ್ದರೆ, ಒಂದು ಬದಿಯ ವೋಲ್ಟೇಜಿನ ಶೇ. 5-6ರಷ್ಟು ಇನ್ನೊಂದು ಕಿವಿಗೆ ಸೋರುತ್ತದೆ. ಹೊಸ ವೈರು ಹಾಕುವಾಗ ನಾಲ್ಕು ಎಳೆಯದನ್ನು (ಒಳಗೆ ನಾಲ್ಕು ಬೇರೆ ಬೇರೆ ವೈರುಗಳಿರುವುದನ್ನು) ಆರಿಸಿ, ಎರಡು ಗ್ರೌಂಡ್‌ಗಳನ್ನು ಪ್ಲಗ್ಗಿನ ಬುಡದಲ್ಲಿ ಮಾತ್ರ ಸೇರಿಸಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ವೈರಿನ ಬಗ್ಗೆ ನಾನು ಒಪ್ಪುವ ಸುಧಾರಣೆ ಇಷ್ಟೇ. ಬೆಳ್ಳಿ ವೈರಿಗೆ ದುಡ್ಡು ಸುರಿಯುವ ಬದಲು ಮೃದುವಾದ, ಬಟ್ಟೆಗೆ ಉಜ್ಜಿದರೆ ಕಿವಿಯಲ್ಲಿ ಸರಸರ ಅನ್ನದ ವೈರು ಹುಡುಕಿ.

ನಾಲ್ಕು ಎಳೆಗಳು ಬೇರೆಬೇರೆಯಾಗೇ ಬಂದರೆ ಬ್ಯಾಲೆನ್ಸ್ಡ್ ಆಂಪ್ಲಿಫೈಯರಿಗೂ, ಎಂದರೆ ಎಡ-ಬಲಕ್ಕೆ ಬೇರೆ ಬೇರೆ ಮೈನಸ್ ಇರುವಂಥದ್ದಕ್ಕೂ, ಹಾಕಬಹುದು. 4.4 ಮಿ.ಮೀ. ಪ್ಲಗ್ಗಿನಲ್ಲಿ ತುದಿಯಿಂದ ಕ್ರಮವಾಗಿ ಎಡ ಪ್ಲಸ್, ಎಡ ಮೈನಸ್, ಬಲ ಪ್ಲಸ್, ಬಲ ಮೈನಸ್, ಬುಡ ಗ್ರೌಂಡ್. ನಾಲ್ಕು ಪಿನ್ನಿನ ದುಂಡು ಕನೆಕ್ಟರ್ ಆದ ಎಕ್ಸ್‌ಎಲ್‌ಆರ್‌ನಲ್ಲೂ 1ರಿಂದ 4ರವರೆಗೆ ಇದೇ ಕ್ರಮ. ಒಂದೇ ಬದಿಯಿಂದ ವೈರು ಹೋಗುವ ಹೆಡ್‌ಫೋನಿನಲ್ಲಿ ಕಪ್ಪಿನೊಳಗೆ ಎರಡು ಮೈನಸ್‌ಗಳನ್ನು ಸಾಮಾನ್ಯವಾಗಿ ಒಂದೇ ಬಿಂದುವಿಗೆ ಸೇರಿಸಿರುತ್ತಾರೆ. ಅದನ್ನು ಬಿಡಿಸದೆ ಬ್ಯಾಲೆನ್ಸ್ಡ್ ಔಟ್‌ಪುಟ್ಟಿಗೆ ಚುಚ್ಚಿದರೆ ಆಂಪ್ಲಿಫೈಯರಿನ ಎರಡು ಚಾನೆಲ್‌ಗಳು ಶಾರ್ಟ್ ಆಗಿ ಸುಟ್ಟುಹೋಗಬಹುದು.

ಬ್ಲೂಟೂತ್ ಮಾಡ್ಯೂಲನ್ನು ಕಪ್ಪಿನೊಳಗೆ ಸೇರಿಸುವ ಆಸೆ ಎಷ್ಟೋ ಜನಕ್ಕೆ. ಮಾಡಬಹುದು. ಆದರೆ ಕೆಲವು ಮಾಡ್ಯೂಲ್‌ಗಳ ಮೈನಸ್‌ಗಳೂ ಪ್ರತ್ಯೇಕ, ಸೇರಿಸುವಂತಿಲ್ಲ. ಅಗ್ಗದ ಚಾರ್ಜಿಂಗ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಟಿಪಿ4056 ಬೋರ್ಡು ಬದಲಾಯಿಸದೆ ಹಾಗೇ ಇದ್ದರೆ 1 ಆಂಪಿಯರ್ ಕಳಿಸುತ್ತದೆ. ಕಪ್ಪಿನೊಳಗೆ ಹಿಡಿಸುವ ಚಿಕ್ಕ ಬ್ಯಾಟರಿಗೆ ಅದು ಜಾಸ್ತಿ. ಕಿವಿಯ ಪಕ್ಕದಲ್ಲಿ ಕೂರುವ ಬ್ಯಾಟರಿ ಎನ್ನುವುದನ್ನು ಮರೆಯಬೇಡಿ. ಸಾಕೆಟ್ ಈಗಾಗಲೇ ಕೂರಿಸಿದ್ದೀರಲ್ಲ, ಗಿಡ್ಡ ವೈರಿನಲ್ಲಿ ಹೊರಗಡೆಯೇ ಒಂದು ಬ್ಲೂಟೂತ್ ರಿಸೀವರ್ ಸಿಕ್ಕಿಸಿಕೊಳ್ಳಿ. ಬೇಡವಾದಾಗ ತೆಗೆಯಬಹುದು.

ಮುಚ್ಚುವ ಮುಂಚೆ ಕೊನೆಯ ಪರೀಕ್ಷೆ

ಸ್ಕ್ರೂ ಹಾಕದೆ, ಮೆತ್ತೆ ಮಾತ್ರ ತಾಗಿಸಿ ಹಿಡಿದು ಕೇಳಿ. ಎಡ ಎಡದಲ್ಲೇ ಬರುತ್ತಿದೆಯಾ? ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೊ ಮಾಡಿ, ಒಬ್ಬರೇ ಮಾತಾಡುವ ಧ್ವನಿ ಹಾಕಿ. ದನಿ ತಲೆಯ ನಡುವೆ ಒಂದೇ ಕಡೆ ನಿಲ್ಲಬೇಕು. ಎರಡೂ ಕಿವಿಯಾಚೆ ಚದುರಿ, ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಂತಿದ್ದರೆ ಒಂದು ಡ್ರೈವರಿನ ಪ್ಲಸ್-ಮೈನಸ್ ಉಲ್ಟಾ ಆಗಿದೆ. ಒಂದು ಬದಿಯ ಎರಡು ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ.

ಕೊನೆಯದಾಗಿ ಹಾಡು ಹಾಕಿಟ್ಟು ಪ್ಲಗ್ಗಿನ ಕುತ್ತಿಗೆ, ಸಾಕೆಟ್, ಹೆಡ್‌ಬ್ಯಾಂಡಿನ ಕೀಲು ಎಲ್ಲವನ್ನೂ ಚೆನ್ನಾಗಿ ಅಲ್ಲಾಡಿಸಿ, ತಿರುಗಿಸಿ, ಮೆಲ್ಲಗೆ ಎಳೆಯಿರಿ. ಒಂದು ಸಲ ಕರಕರ ಅಂದರೂ ಮುಚ್ಚಬೇಡಿ, ಆ ಬೆಸುಗೆಯನ್ನು ಮತ್ತೆ ಕರಗಿಸಿ. ಏನೂ ಅನ್ನದಿದ್ದರೆ ಹತ್ತಿಯನ್ನು ಫೋಟೊದಲ್ಲಿ ಇದ್ದಂತೆ ತುಂಬಿ, ಯಾವ ವೈರೂ ಅಂಚಿನಲ್ಲಿ ಸಿಕ್ಕಿಕೊಳ್ಳದಂತೆ ನೋಡಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.